ಗೃಹಾಂತರ್ಜಾಲ ದೂರವಾಣಿಯ ಅಗ್ಗಮೀಮಾಂಸೆ: ಒಂದು ತಾತ್ವಿಕ ಪ್ರವೇಶಿಕೆ

ಮನೆಗೊಂದು ಅಗ್ಗದ ಅಂತರ್ಜಾಲ ದೂರವಾಣಿಯನ್ನು ಆರಿಸಿಕೊಳ್ಳುವ ಕ್ರಿಯೆಯನ್ನು ಈವರೆಗಿನ ವಿದ್ವತ್ತು ‘ಕನೆಕ್ಷನ್ ಹಾಕಿಸುವುದು’ ಎಂಬ ತೀರಾ ಲೌಕಿಕ ನೆಲೆಯಲ್ಲಷ್ಟೇ ಗ್ರಹಿಸಿರುವುದು ವಿಷಾದನೀಯ. ಗ್ರಾಹಕನ ಜೇಬು, ಕಂಪನಿಯ ಕರಪತ್ರ, ಕೇಬಲ್ ಹುಡುಗನ ಮೌನ ಇವುಗಳ ನಡುವಿನ ದ್ವಂದ್ವಾತ್ಮಕ ಅನುಸಂಧಾನವನ್ನು ಬಹುಶಿಸ್ತೀಯ ಚೌಕಟ್ಟಿನೊಳಗೆ ಮುಖಾಮುಖಿಯಾಗಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ, ವ್ಯಾಪ್ತಿ ಹಾಗೂ ಮಿತಿ. (ಮೂರಕ್ಕೂ ಮೂರು ಪ್ರತ್ಯೇಕ ಅಧ್ಯಾಯ ಬರೆಯುವುದು ಪಿಎಚ್‌.ಡಿ. ಸಂಪ್ರದಾಯ. ಇಲ್ಲಿ ಕಾಗದ ಉಳಿಸಲಾಗಿದೆ.)

ಅಧ್ಯಾಯ 1: ಚಾರಿತ್ರಿಕ ಹಿನ್ನೆಲೆ

ವಿಷಯ ಯಾವುದಿದ್ದರೂ ಪ್ರಬಂಧ ವೇದಕಾಲದಿಂದಲೇ ಹೊರಡಬೇಕು. ವೇದಗಳಲ್ಲಿ ಟೆಲಿಫೋನ್ ಇತ್ತೆಂದು ಸಾಧಿಸಬಲ್ಲವರು ನಾಡಿನಲ್ಲಿ ಹೇರಳವಾಗಿರುವುದರಿಂದ ಆ ಭಾಗವನ್ನು ಅವರಿಗೇ ಬಿಟ್ಟು, ನೇರವಾಗಿ 1882ಕ್ಕೆ ಬರಬಹುದು. ಆ ವರ್ಷ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಎಕ್ಸ್‌ಚೇಂಜುಗಳು ತೆರೆದವು. ಶತಮಾನ ಕಳೆದರೂ ಅರ್ಜಿ ಹಾಕಿದವರು ಫೋನಿಗಾಗಿ ವರ್ಷಗಟ್ಟಲೆ ಕಾಯುತ್ತಲೇ ಇದ್ದರು. 1984ರಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹುಟ್ಟಿತು. ಅದರ 128 ಲೈನುಗಳ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಕೆಲಸ ಶುರು ಮಾಡಿದ್ದು ಬೇರೆಲ್ಲೂ ಅಲ್ಲ, ನಮ್ಮ ಕಿತ್ತೂರಿನಲ್ಲಿ. ಎ.ಸಿ. ಇಲ್ಲದೆ, ಧೂಳು ಸೆಖೆ ತಡೆದುಕೊಂಡು ನಡೆಯುವಂತೆ ಕಟ್ಟಿದ್ದ ಯಂತ್ರ ಅದು. ಹಳ್ಳಿಯ ಸ್ಥಿತಿಗತಿ ಯೋಚಿಸಿ ಯಾರೋ ವಿನ್ಯಾಸ ಮಾಡಿದ್ದರು ಎಂಬ ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಅಧ್ಯಾಯ 2: ಪ್ರಮಾಣವಿಚಾರ

ಯಾವ ಪ್ಲಾನ್ ಅಗ್ಗ ಎಂಬ ಜ್ಞಾನ ಹುಟ್ಟುವುದು ಹೇಗೆ? ನೈಯಾಯಿಕರು ಒಪ್ಪುವ ಪ್ರಮಾಣಗಳಲ್ಲಿ ಪ್ರತ್ಯಕ್ಷಪ್ರಮಾಣವೆಂದರೆ ಬಾಗಿಲ ಸಂದಿಯಿಂದ ಒಳಬಂದ ಕರಪತ್ರ. ಅದರ ಮೇಲೆ ‘399’ ಎಂದು ಅಂಗೈ ಅಗಲದ ಅಂಕಿ, ಪಕ್ಕದಲ್ಲೊಂದು ನಕ್ಷತ್ರಚಿಹ್ನೆ. ಸಾಮಾನ್ಯ ಗ್ರಾಹಕ ಅಂಕಿಯನ್ನು ಕಾಣುತ್ತಾನೆ, ಜ್ಞಾನಿ ನಕ್ಷತ್ರವನ್ನು ಕಾಣುತ್ತಾನೆ. ನಕ್ಷತ್ರದರ್ಶನದಿಂದ ಸಿದ್ಧಿಸುವ ತತ್ವಗಳು ಹಲವು: ಶೇ. 18 ಜಿಎಸ್‌ಟಿ ಸೇರಿ ಬಿಲ್ 470 ರೂ. 82 ಪೈಸೆ, ‘ಉಚಿತ ಇನ್‌ಸ್ಟಾಲೇಶನ್’ ಬೇಕಿದ್ದರೆ ಆರು ತಿಂಗಳೋ ವರ್ಷವೋ ಮುಂಗಡ, ಇಂತಿಷ್ಟು ಸಾವಿರ ಜಿ.ಬಿ. ಮುಗಿದ ಮೇಲೆ ‘ಅನ್‌ಲಿಮಿಟೆಡ್’ ಎಂಬುದು ತೆವಳತೊಡಗುತ್ತದೆ.

ಅನುಮಾನಪ್ರಮಾಣ: ಪಕ್ಕದ ಮನೆಯವರದು ಚೆನ್ನಾಗಿದೆ, ಆದ್ದರಿಂದ ನಮ್ಮದೂ ಚೆನ್ನಾಗಿರುತ್ತದೆ. ಇದನ್ನು ನಂಬಿ ಕೆಟ್ಟವರ ಪಟ್ಟಿ ದೊಡ್ಡದು. ಶಬ್ದಪ್ರಮಾಣ: “ಎಲ್ಲಾ ಫ್ರೀ ಸರ್, ಫೋನೂ ಫ್ರೀ, ನೀವು ಓಟಿಪಿ ಹೇಳಿ ಸಾಕು.”

ಅಧ್ಯಾಯ 3: ವೇಗಭ್ರಮೆಯ ವಿರಚನೆ

ಫೋನಿನಲ್ಲಿ ಮಾತಾಡಲು 100 ಎಂಬಿಪಿಎಸ್ ಬೇಕು, 200 ಇದ್ದರೆ ಮಾತು ಇನ್ನೂ ಸ್ಪಷ್ಟ ಎಂಬುದು ಮಾರಾಟಗಾರರ ಪೂರ್ವಪಕ್ಷ. ಖಂಡನೆ ಸುಲಭ. ಒಳ್ಳೆಯ ಗುಣಮಟ್ಟದ ಒಂದು ಧ್ವನಿಕರೆ ಹಾದಿಖರ್ಚೆಲ್ಲ ಸೇರಿ ನುಂಗುವುದು 100 ಕೆಬಿಪಿಎಸ್‌ಗಿಂತ ಕಡಿಮೆ. 2004ರಲ್ಲಿ ನಮ್ಮ ಸರ್ಕಾರ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಗೊತ್ತು ಮಾಡಿದ್ದ ಕನಿಷ್ಠ 256 ಕೆಬಿಪಿಎಸ್‌ನಲ್ಲೂ ಅದು ಹಾಯಾಗಿ ನಡೆಯುತ್ತದೆ. ಈಗಿನ 30 ಎಂಬಿಪಿಎಸ್ ಪ್ಲಾನಿನಲ್ಲಿ, ಬರೀ ಲೆಕ್ಕದ ಪ್ರಕಾರ, ಮುನ್ನೂರು ಮಂದಿ ಒಟ್ಟಿಗೆ ಹರಟಬಹುದು. ಅಷ್ಟು ಮಂದಿಯಿರುವ ಕೂಡುಕುಟುಂಬ ಈಗ ಉಳಿದಿಲ್ಲ. ಮಾತು ಕೆಡುವುದು ಬೇರೆ ಕಾರಣಕ್ಕೆ: ಧ್ವನಿಯ ತುಣುಕುಗಳು ತಡವಾಗಿ, ಹಿಂದುಮುಂದಾಗಿ ತಲುಪುವುದರಿಂದ. ಆಡಿದ ಮಾತು ಆ ಕಡೆಯ ಕಿವಿಗೆ 150 ಮಿಲಿಸೆಕೆಂಡಿನೊಳಗೆ ಮುಟ್ಟಬೇಕೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆಯಿದೆ. ಕರಪತ್ರದಲ್ಲಿ ಈ ಅಂಕಿ ಇರುವುದಿಲ್ಲ. ರಾತ್ರಿ ಎಂಟೂವರೆಗೆ, ಬೀದಿಯವರೆಲ್ಲ ನೆಟ್ಟಿಗೆ ಬಿದ್ದಿರುವಾಗ, ಅದೇ ಕಂಪನಿಯ ಕನೆಕ್ಷನ್ ಇರುವ ಮನೆಯಿಂದ ಒಂದು ಕರೆ ಮಾಡಿ ನೋಡಿದರೆ ಇಡೀ ಅಧ್ಯಾಯ ಓದಿದ ಫಲ.

ಅಧ್ಯಾಯ 4: ಗ್ರಾಹಕ ವರ್ಗೀಕರಣ

ಗ್ರಾಹಕರು ಪಂಚವಿಧ. ಮೊದಲನೆಯವನು ಸಂಖ್ಯಾನಿಷ್ಠ: ಮೂವತ್ತು ವರ್ಷದ ಹಳೆಯ ನಂಬರ್ ಬಿಡಲೊಲ್ಲದವನು. ಇವನ ಸಂಕಟ ನ್ಯಾಯವಾದದ್ದು. ಕಂಪನಿ ಬದಲಿಸಿದರೂ ನಂಬರ್ ಉಳಿಸಿಕೊಳ್ಳುವ ಭಾಗ್ಯ ಮೊಬೈಲಿಗೆ 2011ರಲ್ಲಿ ದೇಶದೆಲ್ಲೆಡೆ ಸಿಕ್ಕಿತು. ಮನೆಯ ಫೋನಿಗೆ ಸಿಗಲಿಲ್ಲ. ಎರಡನೆಯವನು ವಾಟ್ಸಾಪಾದ್ವೈತಿ: ಆಪ್ ಇರುವಾಗ ಫೋನೇ ಮಿಥ್ಯೆ ಎನ್ನುವವನು. ಆ ಆಪಿನಿಂದ ತುರ್ತು ಸಂಖ್ಯೆ 112ಕ್ಕೆ ಕರೆ ಹೋಗದು ಎಂಬುದು ಅವನ ದರ್ಶನದಲ್ಲಿ ಇನ್ನೂ ಬಂದಿಲ್ಲ. ಮೂರನೆಯವನು... ಉಳಿದ ಮೂರು ವಿಧಗಳನ್ನು ಸ್ನಾತಕೋತ್ತರ ವಿದ್ಯಾರ್ಥಿಗಳು ಊಹಿಸಿಕೊಳ್ಳತಕ್ಕದ್ದು. ಏಕೆಂದರೆ ಇದಕ್ಕಿಂತ ಮುಖ್ಯವಾದದ್ದೊಂದಿದೆ, ಅದನ್ನು ಮೀಮಾಂಸೆಯ ಭಾಷೆಯಲ್ಲಿ ಹೇಳಲಾಗದು.

ಹಳೆಯ ತಾಮ್ರದ ತಂತಿಯ ಫೋನಿಗೆ ಕರೆಂಟು ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಬರುತ್ತಿತ್ತು, 48 ವೋಲ್ಟ್. ಮನೆಯ ದೀಪ ಹೋದರೂ ರಿಸೀವರ್ ಎತ್ತಿದರೆ ಡಯಲ್ ಟೋನ್ ಇರುತ್ತಿತ್ತು. ಅಂತರ್ಜಾಲ ಫೋನು ಬರುವ ಫೈಬರ್ ಗಾಜಿನ ಎಳೆ. ಅದು ಬೆಳಕನ್ನು ತರುತ್ತದೆ, ಫೋನು ನಡೆಸುವ ಕರೆಂಟನ್ನು ತರುವುದಿಲ್ಲ. ಗೋಡೆಯ ಮೇಲಿನ ರೌಟರ್ ಡಬ್ಬಿ ಆರಿದರೆ ಫೋನೂ ಸತ್ತಿತು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವ ಮಲೆನಾಡಿನ ಮನೆಗಳಲ್ಲಿ, ಮೊಬೈಲ್ ಸಿಗ್ನಲ್ಲಿಗೆ ಗುಡ್ಡ ಹತ್ತಬೇಕಾದ ಕಡೆ, ಒಂಟಿಯಾಗಿರುವ ಮುದುಕ ಮುದುಕಿಯರಿಗೆ ‘ಅಪ್‌ಗ್ರೇಡ್’ ಎಂದು ಹೇಳಿ ಇದನ್ನೇ ಹಾಕಿಕೊಡಲಾಗುತ್ತಿದೆ. ಕರೆಂಟ್ ಹೋದಾಗ ಇದು ನಡೆಯುವುದಿಲ್ಲ ಅಜ್ಜಿ ಎಂದು ಒಂದು ಮಾತು ಹೇಳುವವರಿಲ್ಲ. ಎದೆನೋವು ಕರೆಂಟ್ ಬರುವವರೆಗೆ ಕಾಯುತ್ತದೆಯೇ? 1986ರಲ್ಲಿ ಕಿತ್ತೂರಿನ ಧೂಳಿನ ಬಗ್ಗೆ ಯೋಚಿಸಿದ ದೇಶ ಈಗ ಇಷ್ಟನ್ನು ಯೋಚಿಸಲಾರದೆ ಹೋಯಿತೇ?

ಪರಿಹಾರ ದುಬಾರಿಯೂ ಅಲ್ಲ. ರೌಟರಿಗೆ ಹಾಕುವ 12 ವೋಲ್ಟಿನ ಪುಟ್ಟ ಯುಪಿಎಸ್ ಅಂಗಡಿಯಲ್ಲಿ ಸಿಗುತ್ತದೆ, ಕೆಲವು ಗಂಟೆ ತಡೆಯುತ್ತದೆ. ಆದರೆ ಬೀದಿಯ ಕಂಬದ ಮೇಲೆ ಕೇಬಲ್ಲಿನವರು ಕರೆಂಟಿನಿಂದ ನಡೆಯುವ ನೆಟ್‌ವರ್ಕ್ ಸ್ವಿಚ್ ಕೂರಿಸಿದ್ದರೆ ಮನೆಯೊಳಗಿನ ಯುಪಿಎಸ್ ದಂಡ. ಕನೆಕ್ಷನ್ ತೆಗೆದುಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ ಅದು: ದಾರಿಯಲ್ಲಿ ಕರೆಂಟ್ ಬೇಡುವ ಪೆಟ್ಟಿಗೆಗಳೆಷ್ಟು, ಅವುಗಳ ಹಿಂದೆ ಬ್ಯಾಟರಿ ಇದೆಯೇ? ಕರಪತ್ರದ ಅರ್ಧ ಪುಟವನ್ನು ಸಿನಿಮಾ ಆಪ್‌ಗಳ ಬಣ್ಣದ ಲಾಂಛನಗಳಿಗೆ ಬಿಟ್ಟುಕೊಟ್ಟವರು ಇದಕ್ಕೆ ಒಂದು ಸಾಲಿನ ಜಾಗ ಕೊಟ್ಟಿಲ್ಲ, ನಕ್ಷತ್ರಚಿಹ್ನೆಯ ಕೆಳಗೂ.