ಮೀಸೆ ಮಣ್ಣಾಗದ ಸೋಲುಗಳು

ಸೋಲಿನಲ್ಲೂ ಮೇಲು ಕೀಳು ಉಂಟು. ಸಂಶಯವಿದ್ದವರು ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಚಾಪೆಲ್ ಹಿಲ್ ಕಡೆ ಒಮ್ಮೆ ನೋಡಬಹುದು. ಅಲ್ಲಿನ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಟಾರ್ ಹೀಲ್ಸ್ ಎಂದು ಹೆಸರು. ಆರು ಸಲದ ರಾಷ್ಟ್ರೀಯ ಚಾಂಪಿಯನ್. ಮೈಕೆಲ್ ಜೋರ್ಡಾನ್ ಆಡಿ ಬೆಳೆದ ಅಂಗಳ. ಇಂಥ ದೊಡ್ಡ ಮನೆತನದ ತಂಡ 2024-25ರ ಋತುವಿನಲ್ಲಿ ಮೊದಲ ದರ್ಜೆಯ ಎದುರಾಳಿಗಳೊಡನೆ 13 ಪಂದ್ಯ ಆಡಿ 12ರಲ್ಲಿ ಮಣ್ಣು ಮುಕ್ಕಿತು. ಮಾರ್ಚ್ ತಿಂಗಳಲ್ಲಿ 68 ತಂಡಗಳ ರಾಷ್ಟ್ರೀಯ ಟೂರ್ನಿಗೆ ಕರೆಯೋಲೆ ಬರೆಯುವ ಸಮಿತಿ ಆ 12 ಸೋಲುಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿತು. ಎಂಥೆಂಥವರ ಕೈಲಿ ಸೋತಿದ್ದಾರಲ್ಲ ಎಂದು ತಲೆದೂಗಿದಂತೆ, ಇವರಿಗೂ ಒಂದು ಓಲೆ ಕಳಿಸಿಯೇಬಿಟ್ಟಿತು.

ಆಟ ಗೊತ್ತಿಲ್ಲದವರಿಗೆ ಇಷ್ಟು ತಿಳಿದರೆ ಸಾಕು. ಅಮೆರಿಕದ ಮೇಲ್ದರ್ಜೆಯ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ 360ಕ್ಕೂ ಮಿಕ್ಕಿ ತಂಡಗಳಿವೆ. ಅವೆಲ್ಲ ಕಾನ್ಫರೆನ್ಸ್ ಎಂಬ ಕೂಟಗಳಲ್ಲಿ ಹಂಚಿಹೋಗಿವೆ. ಜನವರಿ ಬಂತೆಂದರೆ ಕೂಟದೊಳಗಿನ ಕಾದಾಟ. ಅಲ್ಲಿ ಆಯ್ಕೆಗೆ ಅವಕಾಶವಿಲ್ಲ, ಪಟ್ಟಿಯಲ್ಲಿ ಬಂದವರ ಜತೆ ಆಡಲೇಬೇಕು. ಅದಕ್ಕೆ ಮುಂಚಿನ ನವೆಂಬರ್ ಮತ್ತು ಡಿಸೆಂಬರ್ ಮಾತ್ರ ಬಹುಪಾಲು ಕೂಟದ ಹೊರಗಿನವರೊಡನೆ ಆಡುವ ಕಾಲ. ಯಾರನ್ನು ಕರೆಯಬೇಕು, ಯಾರ ಮನೆಗೆ ಹೋಗಬೇಕು, ಯಾರ ಸಹವಾಸವೇ ಬೇಡ ಎಂಬುದೆಲ್ಲ ಆಯಾ ತಂಡಕ್ಕೆ ಬಿಟ್ಟದ್ದು. ಅಭಿಮಾನಿಯ ವರ್ಷ ಶುರುವಾಗುವುದು ಚೆಂಡು ಮೇಲೆ ಹಾರಿದಾಗ ಅಲ್ಲ, ಬೇಸಿಗೆಯ ಸೆಕೆಯಲ್ಲಿ ಈ ವೇಳಾಪಟ್ಟಿ ಹೊರಬಿದ್ದಾಗ.

ವೇಳಾಪಟ್ಟಿಯ ವಿಷಯದಲ್ಲಿ ಅಭಿಮಾನಿಯ ಬೇಡಿಕೆ ಬಹಳ ಸರಳ. ಎದುರಾಳಿಗಳು ದೇಶದಲ್ಲೇ ಅತಿ ಬಲಿಷ್ಠರಾಗಿರಬೇಕು, ಅವರೆಲ್ಲರನ್ನೂ ನಾವು ಸೋಲಿಸಬೇಕು. ಪಟ್ಟಿ ಸುಲಭವಾದರೆ ಅವಮಾನ: ವರ್ಷವರ್ಷ ದೇಣಿಗೆ ಕೊಟ್ಟು ಸೀಟು ಹಿಡಿದಿರುವುದು ಹೆಸರೇ ಕೇಳದ ಕಾಲೇಜುಗಳನ್ನು ನೋಡುವುದಕ್ಕೇನು? ಪಟ್ಟಿ ಕಠಿಣವಾದರೆ ಜುಲೈನಲ್ಲಿ ಕೋಚ್‌ಗೆ ಎದೆಗಾರಿಕೆಯ ಬಿರುದು. ಅದೇ ಪಟ್ಟಿ ಡಿಸೆಂಬರ್‌ನಲ್ಲಿ ಕೋಚ್‌ಗೆ ತಲೆಯಿಲ್ಲ ಎಂಬುದಕ್ಕೆ ಸಾಕ್ಷಿ. ಪಂದ್ಯವೊಂದನ್ನೂ ಆಡದ ಜುಲೈ ತಿಂಗಳಲ್ಲಿ ಟಾರ್ ಹೀಲ್ಸ್ ತಂಡ ಸೋತದ್ದೇ ಇಲ್ಲ.

ನನ್ನ ಚಿಕ್ಕಪ್ಪನ ಮಗನೊಬ್ಬ ಆ ಸೀಮೆಯ ಕ್ಯಾರಿ ಎಂಬ ಊರಿನಲ್ಲಿದ್ದಾನೆ. ರಾಲಿ, ಡರ್ಹಮ್, ಚಾಪೆಲ್ ಹಿಲ್ ಮೂರೂರುಗಳ ನಡುವಿನ ಕಂಪನಿಗಳನ್ನು ನಂಬಿಕೊಂಡು ಹೋಗಿ ನೆಲೆ ನಿಂತ ಕನ್ನಡಿಗರಲ್ಲಿ ಒಬ್ಬ. ಮಗಳಿಗೆ ಚಾಪೆಲ್ ಹಿಲ್‌ನಲ್ಲಿ ಸೀಟು ಸಿಕ್ಕ ದಿನದಿಂದ ಅವನ ಮನೆಯ ಕಾಫಿ ಲೋಟಕ್ಕೂ ತಂಡದ ತಿಳಿನೀಲಿ ಬಣ್ಣ ಬಂದಿದೆ. 2024ರ ವೇಳಾಪಟ್ಟಿ ಬಂದಾಗ ಫೋನ್ ಮಾಡಿ ಒಂದೊಂದೇ ಪಂದ್ಯ ಓದಿದ್ದ. ಕ್ಯಾನ್ಸಾಸ್‌ಗೆ ಅವರ ಮನೆಯಲ್ಲೇ ಬುದ್ಧಿ ಕಲಿಸುವುದು. ಹವಾಯಿಯ ಮಾವಿ ದ್ವೀಪದಲ್ಲಿ ಮೂರಕ್ಕೆ ಮೂರು. ಅಲಬಾಮ ನಮ್ಮ ಅಂಗಳಕ್ಕೇ ಬರುತ್ತಿದೆ, ಪಾಪ. ಫ್ಲೋರಿಡ ಏನು ಮಹಾ. ನ್ಯೂಯಾರ್ಕ್‌ನಲ್ಲಿ ಯುಸಿಎಲ್‌ಎ ಮಾತ್ರ ಸ್ವಲ್ಪ ಕಷ್ಟ. "ಹೆಚ್ಚೆಂದರೆ ಒಂದು ಸೋಲು ಅಣ್ಣ, ಅದೂ ದೃಷ್ಟಿ ತೆಗೆದ ಹಾಗೆ ಇರಲಿ ಅಂತ."

ದೃಷ್ಟಿ ತೆಗೆಯುವ ಕೆಲಸ ನವೆಂಬರ್ 8ಕ್ಕೇ ಶುರುವಾಯಿತು. ಕ್ಯಾನ್ಸಾಸ್‌ನ ಆಲೆನ್ ಫೀಲ್ಡ್‌ಹೌಸ್‌ನಲ್ಲಿ 20 ಅಂಕ ಹಿಂದೆ ಬಿದ್ದು, ಎದ್ದು ಬಂದು, ಕೊನೆಗೆ 92-89ಕ್ಕೆ ಸೋತರು. ಸೋತರೂ ಕ್ಯಾರಿಯಲ್ಲಿ ಸಂಭ್ರಮ: ಅಂಥ ಅಂಗಳದಲ್ಲಿ ಮೂರೇ ಅಂಕ! ಮಾವಿಯಲ್ಲಿ ಡೇಟನ್ ಮೇಲೆ 21 ಅಂಕ ಹಿಂದಿದ್ದು 92-90ಕ್ಕೆ ಗೆದ್ದರು. ಮರುದಿನ ಆಬರ್ನ್ 85-72ಕ್ಕೆ ಕೈ ತೊಳೆಸಿತು. ಅದರ ಮರುದಿನ ಮಿಷಿಗನ್ ಸ್ಟೇಟ್, ಹೆಚ್ಚುವರಿ ಅವಧಿಯಲ್ಲಿ 94-91. ಊರಿಗೆ ಮರಳಿದರೆ, 'ಪಾಪದ' ಅಲಬಾಮ ಇವರ ತುಂಬಿದ ಮನೆಯಲ್ಲೇ 94-79ಕ್ಕೆ ಬಾರಿಸಿ ಹೋಯಿತು. ಡಿಸೆಂಬರ್ 17ರಂದು ಷಾರ್ಲಟ್‌ನಲ್ಲಿ ಫ್ಲೋರಿಡ, 90-84. ಆ ರಾತ್ರಿಯ ಲೆಕ್ಕ 6 ಗೆಲುವು, 5 ಸೋಲು.

"ಏನೋ, ನಿಮ್ಮವರು ಮತ್ತೆ ಸೋತರಂತೆ?" ಎಂದು ಕೇಳಿದೆ.

"ಸೋಲು ಅಂತ ಸುಮ್ಮನೆ ಅನ್ನಬೇಡ ಅಣ್ಣ. ಕ್ವಾಡ್ ಒನ್ ಸೋಲು ಅದು."

ನಮ್ಮ ಕಡೆ ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಮೀಸೆ ತಿರುವಬೇಕಾದವನು ಜಟ್ಟಿಯೇ. ಅಮೆರಿಕದಲ್ಲಿ ಮೀಸೆಗೆ ಮಣ್ಣಾಯಿತೋ ಇಲ್ಲವೋ ಎಂದು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವುದಕ್ಕೆ ಒಂದು ಗಣಕಯಂತ್ರವನ್ನೇ ಇಟ್ಟಿದ್ದಾರೆ. 2018-19ರ ಋತುವಿನಿಂದ ಜಾರಿಯಲ್ಲಿರುವ ಅದರ ಹೆಸರು ನೆಟ್. ಎಲ್ಲ ತಂಡಗಳಿಗೂ ಅದು ದಿನವೂ ಕ್ರಮಾಂಕ ಕೊಡುತ್ತದೆ. ಆ ಕ್ರಮಾಂಕ ನೋಡಿ ಪ್ರತಿ ಪಂದ್ಯವನ್ನೂ ನಾಲ್ಕು ಕ್ವಾಡ್‌ಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ನಿಮ್ಮ ಮನೆಯಲ್ಲಿ ಆಡಿದರೆ ಮೊದಲ 30ರೊಳಗಿನ ತಂಡ, ಇಬ್ಬರಿಗೂ ಸೇರದ ಊರಿನಲ್ಲಾದರೆ 50ರೊಳಗಿನದು, ಎದುರಾಳಿಯ ಮನೆಗೇ ಹೋದರೆ 75ರೊಳಗಿನದು ಕ್ವಾಡ್ ಒನ್. ಅದೇ ಐವರು, ಅದೇ ಚೆಂಡು, ಅದೇ ಬುಟ್ಟಿ. ಬಸ್ಸು ಹತ್ತಿ ಹೋಗಿ ಸೋತರೆ ಮರ್ಯಾದೆ, ಮನೆಯಲ್ಲಿ ಕೂತು ಸೋತರೆ ಛೀಮಾರಿ.

ಇದರಲ್ಲಿ ಇನ್ನೊಂದು ಸೊಗಸಿದೆ. ಪಂದ್ಯ ಮುಗಿದರೂ ಅದರ ಬೆಲೆ ಮುಗಿಯುವುದಿಲ್ಲ. ನವೆಂಬರ್‌ನಲ್ಲಿ ನಿಮ್ಮನ್ನು ಬಡಿದ ತಂಡ ಫೆಬ್ರವರಿಯಲ್ಲಿ ಸೊರಗಿದರೆ ನಿಮ್ಮ ಸೋಲಿನ ದರ್ಜೆಯೂ ಕುಸಿಯುತ್ತದೆ. ಹಾಗಾಗಿ ನಿಜವಾದ ಅಭಿಮಾನಿ ತನ್ನ ತಂಡಕ್ಕೆ ಹೊಡೆದವರೆಲ್ಲ ಚೆನ್ನಾಗಿರಲಿ, ಇನ್ನೂ ನೂರು ಜನಕ್ಕೆ ಹೊಡೆಯಲಿ ಎಂದು ಹಾರೈಸುತ್ತಾ ಚಳಿಗಾಲ ಕಳೆಯುತ್ತಾನೆ. ನನ್ನ ತಮ್ಮ ಆ ವರ್ಷ ಆಬರ್ನ್ ಗೆಲ್ಲಲಿ, ಫ್ಲೋರಿಡ ಗೆಲ್ಲಲಿ ಎಂದು ರಾತ್ರಿ ಹೊತ್ತು ಟಿವಿ ಮುಂದೆ ಜಪ ಮಾಡಿದ. ಶಾಪ ಹಾಕಿದವರೇ ಮುಂದೆ ಇಷ್ಟದೈವ. ಹತ್ತಿರದ ಡರ್ಹಮ್‌ನಲ್ಲಿರುವ ಬದ್ಧವೈರಿ ಡ್ಯೂಕ್‌ಗೆ ಮಾತ್ರ ಈ ಕ್ಷಮೆ ಅನ್ವಯಿಸದು. ಡ್ಯೂಕ್ ಸೋತರೆ ನಮಗೆ ನೆಟ್‌ನಲ್ಲಿ ನಷ್ಟವಲ್ಲವೇನೋ ಎಂದರೆ, ನಷ್ಟವಾದರೂ ಆಗಲಿ, ಅಷ್ಟು ಸುಖ ಬೇಡವೇ ಎನ್ನುತ್ತಾನೆ. ಆ ಮಟ್ಟಿಗೆ ಅವನಲ್ಲಿ ಮನುಷ್ಯ ಇನ್ನೂ ಉಳಿದಿದ್ದಾನೆ.

ಅಂದ ಹಾಗೆ, ಈ ಎದೆಗಾರಿಕೆಯ ಪಟ್ಟಿಯನ್ನು ಎದೆಯೊಂದೇ ಬರೆದದ್ದಲ್ಲ. ಅಲಬಾಮ ಪಂದ್ಯ ಎರಡು ಕೂಟಗಳ ನಡುವೆ ಟಿವಿಗಾಗಿ ನಡೆಯುವ ಸವಾಲು ಸರಣಿಯದು. ಯುಸಿಎಲ್‌ಎ ಪಂದ್ಯದ ಹೆಸರಿನಲ್ಲೇ ಸಿಬಿಎಸ್ ಟಿವಿಯಿದೆ. ಫ್ಲೋರಿಡ ಪಂದ್ಯದ ಹೆಸರು ಜಂಪ್‌ಮ್ಯಾನ್, ಅಂದರೆ ಜೋರ್ಡಾನ್ ಬೂಟಿನ ಮೇಲಿನ ಹಾರುವ ಮನುಷ್ಯ. ಬೂಟು ಕರೆದಲ್ಲಿಗೆ ಕಾಲು ಹೋಗುತ್ತದೆ. ಅಭಿಮಾನಿ ಅದನ್ನು ಪರಂಪರೆ ಎನ್ನುತ್ತಾನೆ.

ಪಟ್ಟಿಯ ಉಳಿದರ್ಧ ಬೇರೆಯೇ ಲೋಕ. ಎಲಾನ್, ಅಮೆರಿಕನ್, ಲಾ ಸಾಲ್, ಕ್ಯಾಂಪ್‌ಬೆಲ್. ದೊಡ್ಡ ತಂಡಗಳು ಸಣ್ಣ ಕಾಲೇಜುಗಳಿಗೆ ದುಡ್ಡು ಕೊಟ್ಟು ತಮ್ಮ ಅಂಗಳಕ್ಕೆ ಕರೆಸಿಕೊಳ್ಳುವ ಪದ್ಧತಿ ದೇಶದಾದ್ಯಂತ ಇದೆ. ಬರುತ್ತಾರೆ, ಸೋಲುತ್ತಾರೆ, ಚೆಕ್ ಇಸಿದುಕೊಂಡು ಹೋಗುತ್ತಾರೆ. ಆ ಹಣದಲ್ಲಿ ಅವರ ಕ್ರೀಡಾ ವಿಭಾಗದ ವರ್ಷದ ಖರ್ಚು ಒಂದಿಷ್ಟು ನೀಗುತ್ತದೆ. ಹರಕೆಯ ಕುರಿಗೆ ಸಂಬಳ ಕೊಡುವ ನಾಗರಿಕತೆ ಎಂದು ಮೆಚ್ಚಬಹುದು. ಕುರಿ ಹಾಯುವ ದಿನವೂ ಬರುತ್ತದೆ ಎಂಬುದಷ್ಟೇ ತೊಂದರೆ. 2019ರ ನವೆಂಬರ್ 12ರಂದು ಕೆಂಟಕಿ ದೇಶಕ್ಕೇ ನಂಬರ್ ಒನ್. 90,000 ಡಾಲರ್ ಕೊಟ್ಟು ಎವನ್ಸ್‌ವಿಲ್ ಎಂಬ ತಂಡವನ್ನು ತನ್ನ ರಪ್ ಅರೀನಾಕ್ಕೆ ಕರೆಸಿತು. ಎವನ್ಸ್‌ವಿಲ್ 67-64ಕ್ಕೆ ಗೆದ್ದು, ಚೆಕ್ಕನ್ನೂ ತೆಗೆದುಕೊಂಡು ಮನೆಗೆ ಹೋಯಿತು. ಗೆಲ್ಲಿಸಿದ ಕೋಚ್ ವಾಲ್ಟರ್ ಮೆಕಾರ್ಟಿ, ಇದೇ ಕೆಂಟಕಿಗೆ 1996ರಲ್ಲಿ ಚಾಂಪಿಯನ್ ಪಟ್ಟ ತಂದ ತಂಡದ ಆಟಗಾರ. ಆಮೇಲೆ ಎವನ್ಸ್‌ವಿಲ್ ಏನಾಯಿತು ಎಂದು ಯಾರೂ ಕೇಳುವುದಿಲ್ಲ, ನಾನು ಹೇಳುತ್ತೇನೆ. ತನ್ನ ಕೂಟದೊಳಗೆ ಆಡಿದ 18 ಪಂದ್ಯಗಳಲ್ಲಿ 18ನ್ನೂ ಸೋತಿತು. ಆ 18 ಸೋಲುಗಳನ್ನು ಯಾವ ಸಮಿತಿಯೂ ತಿರುಗಿಸಿ ನೋಡಲಿಲ್ಲ. ಬಡವರ ಸೋಲಿಗೆ ಮೀಸೆ ಇರುವುದಿಲ್ಲ.

ಟಾರ್ ಹೀಲ್ಸ್ ಕಥೆಗೆ ಬರೋಣ. ಡಿಸೆಂಬರ್ 21ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಯುಸಿಎಲ್‌ಎ ವಿರುದ್ಧ 76-74ರ ಗೆಲುವು. ಇಡೀ ಋತುವಿನ ಏಕೈಕ ಕ್ವಾಡ್ ಒನ್ ಗೆಲುವು ಅದೇ. ಮನೆತನದ ಹಳೆಯ ಒಡವೆಯಂತೆ ಮಾರ್ಚ್‌ವರೆಗೂ ಅದೊಂದನ್ನೇ ಒರೆಸಿ ಒರೆಸಿ ತೋರಿಸಿದರು. ಡ್ಯೂಕ್ ಮೂರು ಸಲ ಸೋಲಿಸಿತು. ಮೂರನೆಯದು ಕೂಟದ ಸೆಮಿಫೈನಲ್, 74-71. ಕೊನೆಯ ಕ್ಷಣಗಳಲ್ಲಿ ಸಮ ಮಾಡಬಹುದಿದ್ದ ಫ್ರೀ ಥ್ರೋ ಬುಟ್ಟಿಗೆ ಬಿದ್ದರೂ, ಜತೆಗಾರನೊಬ್ಬ ಗೆರೆಯೊಳಗೆ ಮುಂಚೆಯೇ ಕಾಲಿಟ್ಟ ಕಾರಣ ರದ್ದಾಯಿತು. ನನ್ನ ತಮ್ಮ ಅದನ್ನು ಇವತ್ತಿಗೂ ಸೋಲು ಎಂದು ಒಪ್ಪಿಲ್ಲ, ಪಾದದ ತಪ್ಪು ಎನ್ನುತ್ತಾನೆ.

ಅದಕ್ಕೂ ಎರಡು ವರ್ಷ ಹಿಂದೆ ಇದೇ ತಂಡಕ್ಕೆ ಏನಾಗಿತ್ತೆಂದು ನೆನಪಿಸಿಕೊಂಡರೆ ಲೆಕ್ಕಾಚಾರದ ಸೊಬಗು ತಿಳಿಯುತ್ತದೆ. 2022-23ರ ಋತು ಶುರುವಾಗುವ ಮೊದಲು ಟಾರ್ ಹೀಲ್ಸ್ ದೇಶಕ್ಕೇ ಮೊದಲ ಸ್ಥಾನದಲ್ಲಿತ್ತು. ಆಗಲೂ ಪಟ್ಟಿ ಕಠಿಣವೇ. ಅಲಬಾಮ ವಿರುದ್ಧ ನಾಲ್ಕು ಹೆಚ್ಚುವರಿ ಅವಧಿ ಆಡಿ 103-101ಕ್ಕೆ ಸೋತಿತ್ತು. ಕ್ವಾಡ್ ಒನ್‌ನಲ್ಲಿ 1 ಗೆಲುವು, 9 ಸೋಲು. ಸಮಿತಿ ಬಾಗಿಲು ಹಾಕಿತು. 1985ರಲ್ಲಿ ಟೂರ್ನಿ 64 ತಂಡಗಳಿಗೆ ಹಿಗ್ಗಿದ ಮೇಲೆ, ಋತುವಿಗೆ ಮುನ್ನ ಮೊದಲ ಸ್ಥಾನದಲ್ಲಿದ್ದು ಟೂರ್ನಿಗೇ ಹೋಗದ ಮೊದಲ ತಂಡವೆಂಬ ದಾಖಲೆಯೂ ಸಿಕ್ಕಿತು. ಎರಡನೇ ದರ್ಜೆಯ ಎನ್‌ಐಟಿ ಟೂರ್ನಿ ಕರೆದರೆ, ಹಸಿದರೂ ಹುಲ್ಲು ತಿನ್ನೆವು ಎಂಬ ಗತ್ತಿನಲ್ಲಿ ಒಲ್ಲೆವೆಂದರು. 9 ಸಲ ಸೋತಾಗ ಹೊರಗೆ, 12 ಸಲ ಸೋತಾಗ ಒಳಗೆ. ಆಗ ಅವರು ಮಾಡಿದ ತಪ್ಪು ಸಾಕಷ್ಟು ಸೋಲದೇ ಹೋದದ್ದೇ ಇರಬೇಕು.

ನ್ಯಾಯವಾಗಿ ಹೇಳಬೇಕೆಂದರೆ 2025ರಲ್ಲಿ ಅವರ ನೆಟ್ ಕ್ರಮಾಂಕ 36 ಇತ್ತು, ಎರಡನೇ ಕ್ವಾಡ್‌ನಲ್ಲಿ ಆಡಿದ 8ನ್ನೂ ಗೆದ್ದಿದ್ದರು. ಆದರೆ ನ್ಯಾಯ ಯಾರಿಗೆ ಬೇಕಿತ್ತು? ಆ ವರ್ಷದ ಆಯ್ಕೆ ಸಮಿತಿಯ ಅಧ್ಯಕ್ಷ ಬಬ್ಬಾ ಕನಿಂಗ್‌ಹ್ಯಾಮ್ ಆಗ ಚಾಪೆಲ್ ಹಿಲ್‌ನ ಕ್ರೀಡಾ ನಿರ್ದೇಶಕರೇ ಆಗಿದ್ದರು. ನಿಯಮದಂತೆ, ತಮ್ಮ ತಂಡದ ಮಾತು ಬಂದಾಗಲೆಲ್ಲ ಅವರು ಕೋಣೆಯಿಂದ ಎದ್ದು ಹೊರಗೆ ಹೋದರು. ತಂಡ ಟೂರ್ನಿಗೆ ಹೋದರೆ ಬೋನಸ್ ಎಂಬ ಸಾಲು ಅವರ ಕರಾರಿನಲ್ಲಿತ್ತು. ಬಾಗಿಲಾಚೆ ನಿಂತವರ ಹೊಟ್ಟೆಯಲ್ಲಿ ಏನಿತ್ತೋ, ನನಗೆ ಅದು ಬೇಡ. ಒಳಗೆ ಕೂತವರಿಗೆ ಬಾಗಿಲಾಚೆ ಯಾರು ನಿಂತಿದ್ದಾರೆಂದು ಮರೆತುಹೋಗಿರಲಿಲ್ಲ ಎಂದಷ್ಟೇ ಊಹಿಸಬಲ್ಲೆ.

ಹೊರಗುಳಿದದ್ದು ವೆಸ್ಟ್ ವರ್ಜೀನಿಯ. ಅದರದ್ದೂ ಕಠಿಣ ಪಟ್ಟಿಯೇ, ಆದರೆ ಆ ಬಡಪಾಯಿಗಳು ಅದನ್ನು ಅಕ್ಷರಶಃ ನಂಬಿ ಗೆದ್ದುಬಿಟ್ಟಿದ್ದರು. ಬಹಾಮಾಸ್‌ನಲ್ಲಿ ಗೊನ್‌ಜಾಗಾ, ಅರಿಜೋನಾ. ಕ್ಯಾನ್ಸಾಸನ್ನು ಅದರ ಮನೆಯಲ್ಲೇ. ಕ್ವಾಡ್ ಒನ್‌ನಲ್ಲಿ 6 ಗೆಲುವು. ಕರೆಯೋಲೆ ಬರಲಿಲ್ಲ. ಮರುದಿನ ರಾಜ್ಯದ ಗವರ್ನರ್ ಪ್ಯಾಟ್ರಿಕ್ ಮಾರಿಸಿ ಪತ್ರಿಕಾಗೋಷ್ಠಿ ಕರೆದರು. ಮೈಕಿನ ಮುಂದಿನ ಫಲಕದಲ್ಲಿ, ಟೂರ್ನಿ ನಡೆಸುವ ಎನ್‌ಸಿಎಎ ಸಂಸ್ಥೆಯ ಹೆಸರನ್ನೇ ತಿರುಚಿ 'ನ್ಯಾಷನಲ್ ಕರಪ್ಟ್ ಅಥ್ಲೆಟಿಕ್ ಅಸೋಸಿಯೇಷನ್' ಎಂದು ಬರೆಸಿದ್ದರು. ರಾಜ್ಯದ ಅಟಾರ್ನಿ ಜನರಲ್ ತನಿಖೆ ನಡೆಸುತ್ತಾರೆಂದು ಘೋಷಣೆಯೂ ಆಯಿತು. ಬ್ಯಾಸ್ಕೆಟ್‌ಬಾಲ್‌ಗೆ ತನಿಖೆ! ನಮ್ಮ ರಾಜಕಾರಣಿಗಳಿಗೆ ಇದಿನ್ನೂ ಹೊಳೆದಿಲ್ಲ, ಹೇಳಿಕೊಡುವುದು ಬೇಡ. ಅತ್ತ ಗವರ್ನರ್ ಗುಡುಗಿದ ಮರುದಿನವೇ ತಂಡದ ಕೋಚ್ ಡೇರಿಯನ್ ಡಿವ್ರೀಸ್ ಇಂಡಿಯಾನಕ್ಕೆ ಹೊರಟ ಸುದ್ದಿ ಬಂತು. ಅನ್ಯಾಯಕ್ಕೊಳಗಾದ ತಂಡಕ್ಕೆ ಗವರ್ನರ್ ಉಳಿದರು, ಕೋಚ್ ಉಳಿಯಲಿಲ್ಲ.

ಇತ್ತ ಟಾರ್ ಹೀಲ್ಸ್ ಟೂರ್ನಿಯ ಮೊದಲ ಪಂದ್ಯದಲ್ಲಿ ಸ್ಯಾನ್ ಡಿಯಾಗೊ ಸ್ಟೇಟ್ ತಂಡವನ್ನು 95-68ಕ್ಕೆ ಪುಡಿಗಟ್ಟಿತು. ಮೂರು ದಿನದ ಬಳಿಕ ಓಲ್ ಮಿಸ್ ಕೈಲಿ 71-64ಕ್ಕೆ ಸೋತು ಮನೆ ಸೇರಿತು. ಆದರೂ ತಮ್ಮನ ಉತ್ಸಾಹ ಕುಗ್ಗಲಿಲ್ಲ, ಏಕೆಂದರೆ ಕೊನೆಯ ನಾಲ್ಕರ ಘಟ್ಟಕ್ಕೆ ಹೋದವರು ಫ್ಲೋರಿಡ, ಆಬರ್ನ್, ಡ್ಯೂಕ್ ಮತ್ತು ಹ್ಯೂಸ್ಟನ್. "ನಾಲ್ಕರಲ್ಲಿ ಮೂವರ ಕೈಲಿ ನಾವು ಸೋತಿದ್ದೇವೆ ಅಣ್ಣ, ಗೊತ್ತಾ?" ಎಂದ, ನಾವೂ ಸೆಮಿಫೈನಲ್ ಆಡಿದಂತೆ. ಹ್ಯೂಸ್ಟನ್ ಜತೆ ಆಡದೇ ಹೋದೆವಲ್ಲ ಎಂಬ ಕೊರಗು ಆ ದನಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು.

ಮೊನ್ನೆ ಮತ್ತೆ ಮಾತಾಡಿದೆವು. 2025-26ರಿಂದ ಇವರ ಕೂಟದೊಳಗಿನ ಪಂದ್ಯಗಳನ್ನು 20ರಿಂದ 18ಕ್ಕೆ ಇಳಿಸಿದ್ದಾರೆ. ಹೊರಗಿನವರ ಜತೆ ಆಡಲು ಎರಡು ಜಾಗ ತೆರವಾಗಿವೆ. ಅವಕ್ಕೆ ಯಾರನ್ನು ಹಾಕಬೇಕೆಂಬುದರಲ್ಲಿ ಅವನಿಗೂ ಮಗಳಿಗೂ ಊಟದ ಹೊತ್ತಿನಲ್ಲಿ ಜಗಳ.

"ಅದರಲ್ಲಿ ಜಗಳ ಏನು ಬಂತೋ?"

"ಒಂದು ಜಾಗಕ್ಕೆ ಚೆಕ್ ಬರೆದರೆ ಆಯ್ತಣ್ಣ, ಯಾರಾದರೂ ಬಂದು ಸೋತು ಹೋಗ್ತಾರೆ. ಇನ್ನೊಂದಕ್ಕೆ ಯಾರ ಕೈಲಿ ಸೋತರೆ ಒಳ್ಳೇದು ಅಂತಲೇ ಜಗಳ."