ಹಾಲುಕ್ಕಿಸದ ಮನೆ

“ಹೊಸ ಮನೆಗೆ ಹಾಲುಕ್ಕಿಸದೆ ಕಾಲಿಟ್ಟರೆ ಇನ್ನೇನಾಗತ್ತೆ?” ಅಂದರು ನಮ್ಮ ಅತ್ತೆ. ಟೀವಿಯಲ್ಲಿ ರಾಜ್‌ಕುಮಾರ್ ರಾವ್ ಆಗಷ್ಟೇ ಬಾಗಿಲಿಗೆ ಭುಜ ಕೊಟ್ಟು ಗುದ್ದತೊಡಗಿದ್ದ. ಅವನ ಕಷ್ಟ ಇನ್ನೂ ಶುರುವಾಗುವುದರಲ್ಲಿತ್ತು. ಅತ್ತೆಯ ವಿಮರ್ಶೆ ಮುಗಿದೇ ಹೋಗಿತ್ತು.

ಸಿನಿಮಾ ‘ಟ್ರ್ಯಾಪ್ಡ್’. ವಿಕ್ರಮಾದಿತ್ಯ ಮೋಟ್ವಾನೆ ನಿರ್ದೇಶನದ ಹಿಂದಿ ಚಿತ್ರ, 2017ರಲ್ಲಿ ತೆರೆ ಕಂಡದ್ದು. ಕಥೆಯನ್ನು ಬಸ್ ಟಿಕೆಟ್ಟಿನ ಹಿಂದೆ ಬರೆದುಬಿಡಬಹುದು. ಪ್ರೀತಿಸಿದ ಹುಡುಗಿಗೆ ಬೇರೆ ಕಡೆ ಮದುವೆ ನಿಶ್ಚಯವಾಗಿದೆ, ಹುಡುಗನಿಗೆ ತುರ್ತಾಗಿ ಒಂದು ಮನೆ ಬೇಕು. ಬ್ರೋಕರ್ ಒಬ್ಬ ಮುಂಬೈಯ ಖಾಲಿ ಕಟ್ಟಡವೊಂದರ 35ನೇ ಮಹಡಿಯಲ್ಲಿ ಕದ್ದುಮುಚ್ಚಿ ಫ್ಲ್ಯಾಟು ಕೊಡಿಸುತ್ತಾನೆ. ಗಡಿಬಿಡಿಯಲ್ಲಿ ಹೊರಟವನು ಮರೆತ ಮೊಬೈಲಿಗಾಗಿ ಮತ್ತೆ ಒಳಗೆ ಓಡುತ್ತಾನೆ. ಕೀಲಿ ಹೊರಗಡೆ ಬೀಗದಲ್ಲೇ ಇದೆ. ಗಾಳಿಗೆ ಬಾಗಿಲು ಧಡಾರೆಂದು ಮುಚ್ಚಿಕೊಳ್ಳುತ್ತದೆ. ಅಷ್ಟೆ. ಕರೆಂಟು ಹೋಯಿತು, ನೀರು ನಿಂತಿತು, ಮೊಬೈಲು ಸತ್ತಿತು. ಕೆಳಗಿರುವ ವಾಚ್‌ಮನ್‌ಗೆ ಕೂಗು ಕೇಳಿಸುವುದಿಲ್ಲ. ಕಟ್ಟಡದ ಹೆಸರು ‘ಸ್ವರ್ಗ್’.

ಮೊದಲ ಸಲ ನೋಡಿದ್ದು ಥಿಯೇಟರಿನಲ್ಲಿ. ಇಂಟರ್‌ವಲ್ ಇರಲಿಲ್ಲ. ಒಂದೂ ಮುಕ್ಕಾಲು ಗಂಟೆ ನಾಯಕನಿಗೆ ಹೇಗೆ ಬಿಡುಗಡೆಯಿಲ್ಲವೋ ಹಾಗೆ ನಮಗೂ ಇರಲಿಲ್ಲ. ಪಕ್ಕದ ಸೀಟಿನ ಹಿರಿಯರೊಬ್ಬರಿಗೆ ನಾಯಕನ ಬಾಯಾರಿಕೆಗಿಂತ ತಮ್ಮ ಮೂತ್ರಬಾಧೆಯೇ ದೊಡ್ಡ ಸಸ್ಪೆನ್ಸ್ ಆಗಿತ್ತೆಂದು ಕಾಣುತ್ತದೆ. ಎದ್ದರೆ ಅಷ್ಟರಲ್ಲಿ ಅವನು ಪಾರಾಗಿಬಿಟ್ಟರೆ ಎಂಬ ಭಯಕ್ಕೆ ಕೊನೆಯವರೆಗೂ ಕಾಲು ಕುಣಿಸುತ್ತ ಕೂತಿದ್ದರು.

ಈ ಸಲ ಮನೆಮಂದಿಯೆಲ್ಲ ಸೇರಿ ನೋಡಿದೆವು. ಭಾವ ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ನಾಯಕ ಬಾಯಾರಿ ನೆಲಕ್ಕೆ ಬಿದ್ದಿದ್ದರೆ ಅವರ ಚಿಂತೆಯೇ ಬೇರೆ: “ಈ ಬಿಲ್ಡಿಂಗಿಗೆ ಓಸಿನೇ ಬಂದಿಲ್ಲ ಕಣಯ್ಯ. ಓಸಿ ಇಲ್ಲದ ಕಡೆ ಯಾರಾದ್ರೂ ಅಡ್ವಾನ್ಸ್ ಕೊಡ್ತಾರಾ?” ಬೆಂಗಳೂರಿನಲ್ಲಿ ಮನೆ ಕೊಂಡವರಿಗೆ ಹಸಿವು ನೀರಡಿಕೆಗಳಿಗಿಂತ ಖಾತೆ, ಓಸಿಗಳೇ ಹತ್ತಿರದ ವಿಷಯ. “ಅರಗಿನ ಮನೆಗೂ ಒಂದು ಎಮರ್ಜೆನ್ಸಿ ಎಕ್ಸಿಟ್ ಇತ್ತು” ಎಂದು ಸೇರಿಸಿದರು. ವಿದುರ ತೋಡಿಸಿದ ಸುರಂಗವನ್ನು ನಾನು ಆ ದೃಷ್ಟಿಯಿಂದ ಎಂದೂ ನೋಡಿರಲಿಲ್ಲ.

ಮಗಳಿಗೆ ಪವರ್ ಬ್ಯಾಂಕ್ ಇಲ್ಲದೆ ಒಬ್ಬ ಮನುಷ್ಯ ಮನೆಯಿಂದ ಹೊರಡುವುದೇ ಅಸಹಜ ಅನ್ನಿಸಿತು. “ಕೀಲಿಯನ್ನು ಬೀಗದಲ್ಲೇ ಬಿಡುವವನಿಗೆ ಮದುವೆ ಬೇರೆ ಕೇಡು” ಎಂದು ಭಾವ ತೀರ್ಪು ಕೊಡುವುದಕ್ಕೂ ಕಾಲಿಂಗ್ ಬೆಲ್ ಆಗುವುದಕ್ಕೂ ಸರಿಹೋಯಿತು. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್, ರಾಯಚೂರು ಕಡೆಯವರು. “ಸ್ಕೂಟರ್‌ನಾಗ ಕೀಲಿ ಹಂಗ ಬಿಟ್ಟ ಬಂದೀರಿ ನೋಡ್ರಿ” ಎಂದು ಭಾವನ ಕೈಗಿಟ್ಟು ಹೋದರು. ಭಾವ ಐದು ನಿಮಿಷ ಮಾತಾಡಲಿಲ್ಲ. ಆ ಚಿತ್ರಕ್ಕೆ ನಮ್ಮ ಮನೆಯಲ್ಲಿ ಸಿಕ್ಕ ಇಂಟರ್‌ವಲ್ ಅದೊಂದೇ.

ಇಂಥ ಸಿನಿಮಾಗಳಿಗೆ ಖರ್ಚು ಕಡಿಮೆ, ಸಲಹೆ ಜಾಸ್ತಿ. ಒಳಗೆ ಸಿಕ್ಕಿಬಿದ್ದವನು ಪೆದ್ದ ಎಂದು ಮೊದಲು ತೀರ್ಮಾನವಾಗಬೇಕು. ಆಮೇಲೆ ಚಕ್ಕುಲಿ ನಿಶ್ಚಿಂತೆಯಿಂದ ಇಳಿಯುತ್ತದೆ. ನಮ್ಮಜ್ಜಿಯೂ ಹೀಗೇ. ಊರಿನಲ್ಲಿ ಗದುಗಿನ ಭಾರತದ ವಾಚನ ನಡೆದು ಅಭಿಮನ್ಯು ಚಕ್ರವ್ಯೂಹ ಹೊಕ್ಕ ರಾತ್ರಿ ಅವಳು ದ್ರೋಣನನ್ನು ಬಯ್ಯಲಿಲ್ಲ, ಜಯದ್ರಥನನ್ನೂ ಬಯ್ಯಲಿಲ್ಲ. “ಆ ಸುಭದ್ರೆಗೆ ಇನ್ನೊಂದು ಗಳಿಗೆ ಎದ್ದಿರೋಕೆ ಏನಾಗಿತ್ತು, ಬಸುರಿ ಅಂದರೆ ಅಷ್ಟೊಂದು ನಿದ್ದೆಯೇ?” ಎಂದು ದಾರಿಯುದ್ದಕ್ಕೂ ಗೊಣಗಿದಳು. ಏಳು ಹೆತ್ತವಳು ಅವಳು, ಮಾತಿಗೆ ಹಕ್ಕಿತ್ತು.

ಪಾರಿವಾಳದ ದೃಶ್ಯಕ್ಕೆ ಬಂದಾಗ ಮನೆ ಇಬ್ಭಾಗವಾಯಿತು. ನಾಯಕ ಅಪ್ಪಟ ಸಸ್ಯಾಹಾರಿ. ಹಸಿವು ತಾಳಲಾರದೆ ಕವಣೆ ಮಾಡಿಕೊಂಡು ಬಾಲ್ಕನಿಗೆ ಬಂದ ಪಾರಿವಾಳ ಹೊಡೆಯುತ್ತಾನೆ. ಅತ್ತೆ ಸೆರಗು ಮುಖಕ್ಕೆ ತಂದುಕೊಂಡು, “ಆಯಿತೇನೋ ತಿಂದು, ಹೇಳ್ರೋ” ಎಂದು ಕೇಳುತ್ತ ಕೂತರು. ನನ್ನ ಹೆಂಡತಿ ಮಾತ್ರ ರೆಪ್ಪೆ ಮಿಟುಕಿಸದೆ ನೋಡಿದಳು. ಪಾರಿವಾಳಗಳ ಜೊತೆ ಅವಳದು ಆರು ವರ್ಷದ ವ್ಯಾಜ್ಯ. ಒಣಗಲು ಹಾಕಿದ ಸೀರೆ, ತುಳಸಿ ಕುಂಡ, ಏಸಿಯ ಹಿಂದಿನ ಸಂದು, ಎಲ್ಲದರ ಮೇಲೂ ಅವು ಹಕ್ಕು ಸ್ಥಾಪಿಸಿವೆ. ಹಾಕಿಸಿದ ಬಲೆ ಬಿಸಿಲಿಗೆ ಪುಡಿಪುಡಿಯಾಗಿ ಈಗ ಅದರ ಎಳೆಗಳಿಂದಲೇ ಗೂಡು ಕಟ್ಟಿವೆ. “ಒಂದು ಲೆಕ್ಕಕ್ಕೆ ಆ ಮನೆಗೆ ಬಲೆ ಹಾಕಿಸದೇ ಇದ್ದದ್ದು ಒಳ್ಳೇದಾಯ್ತು” ಎಂದಳು ನಿಧಾನವಾಗಿ. “ಬಲೆ ಇದ್ದಿದ್ರೆ ಉಪವಾಸ ಸಾಯ್ತಿದ್ದ.” ಸಿನಿಮಾದ ಬಗ್ಗೆ ನಾನು ಓದಿದ, ಕೇಳಿದ ಅಭಿಪ್ರಾಯಗಳಲ್ಲಿ ಇಷ್ಟು ಹೊಸದಾದದ್ದು ಇನ್ನೊಂದಿಲ್ಲ.

ಪಾತ್ರಕ್ಕಾಗಿ ಆ ನಟ ಚಿತ್ರೀಕರಣದ ದಿನಗಳನ್ನು ಕ್ಯಾರೆಟ್ಟು, ಕಪ್ಪು ಕಾಫಿಯಲ್ಲಿ ಕಳೆದನಂತೆ ಎಂದು ನಾನು ಮಾಹಿತಿ ಒದಗಿಸಿದೆ. “ನೋಡು, ಕಾಫಿಗೂ ಹಾಲಿಲ್ಲ. ನಾನು ಮೊದಲೇ ಹೇಳಲಿಲ್ಲವಾ?” ಎಂದರು ಅತ್ತೆ.

ಕಡಿಮೆ ಖರ್ಚಿನ ಮಾತು ಬಂತೆಂದು ‘ಬರೀಡ್’ ವಿಷಯ ತೆಗೆದೆ. ರೊಡ್ರಿಗೋ ಕೊರ್ಟೆಸ್ ನಿರ್ದೇಶಿಸಿ 2010ರಲ್ಲಿ ಬಂದ ಚಿತ್ರ. ಮೊದಲಿಂದ ಕೊನೆಯವರೆಗೂ ರಯಾನ್ ರೆನಾಲ್ಡ್ಸ್ ಮಣ್ಣೊಳಗೆ ಹೂತ ಮರದ ಪೆಟ್ಟಿಗೆಯಲ್ಲಿ ಮಲಗಿರುತ್ತಾನೆ. ಕ್ಯಾಮೆರಾ ಒಂದು ಸಲವೂ ಆಚೆ ಬರುವುದಿಲ್ಲ. ಚಿತ್ರೀಕರಣ 17 ದಿನ. ಭಾವ ಚೇತರಿಸಿಕೊಂಡರು. “ಎಂಟು ನಾಲ್ಕರ ಪ್ಲೈವುಡ್ ಮೂರು ಶೀಟು, ಒಬ್ಬ ಬಡಗಿ, ಒಂದು ದಿನದ ಕೂಲಿ” ಎಂದು ಅಂದಾಜು ಪಟ್ಟಿ ಹಾಕಿದರು. ಚಿತ್ರೀಕರಣಕ್ಕೆ ಏಳು ಬೇರೆ ಬೇರೆ ಪೆಟ್ಟಿಗೆ ಬಳಸಿದರು ಎಂದಾಗ ಅವರಿಗೆ ಏನೂ ಆಶ್ಚರ್ಯವಾಗಲಿಲ್ಲ. “ಅಂದಾಜು ಯಾವತ್ತು ಅಂದಾಜಿನ ಪ್ರಕಾರ ಮುಗಿದಿದೆ?”

ನನಗೆ ಇವೆರಡಕ್ಕಿಂತ ಮನಸ್ಸಿಗೆ ಹತ್ತಿರವಾದದ್ದು ಮಲಯಾಳಂನ ‘ಹೆಲನ್’, 2019ರದು. ಚಿಕನ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ರಾತ್ರಿಯಿಡೀ ಫ್ರೀಜರ್ ಕೋಣೆಯೊಳಗೆ ಸಿಕ್ಕಿಬೀಳುತ್ತಾಳೆ. ಅವಳು ಕಟ್ಟಡ ಬಿಟ್ಟು ಹೊರಗೆ ಹೋಗಿಲ್ಲ ಎಂಬುದು ಹೊಳೆಯುವುದು ಅಲ್ಲಿನ ಸೆಕ್ಯುರಿಟಿಯವನಿಗೆ: ದಿನವೂ ತನ್ನನ್ನು ನೋಡಿ ನಗುವ ಹುಡುಗಿ ಆ ರಾತ್ರಿ ನಕ್ಕು ಹೋಗಲಿಲ್ಲವಲ್ಲ ಎಂದು.

ಇದನ್ನು ನೋಡಿದ ಮಾರನೆಯ ಬೆಳಗ್ಗೆಯಿಂದಲೇ ನಾನು ವಾಚ್‌ಮನ್‌ರನ್ನು ಕಂಡು ನಗಲು ಶುರುಮಾಡಿದ್ದೆ. ನಗುವಿನಲ್ಲಿ ಸ್ವಾರ್ಥ ಇತ್ತು, ಒಪ್ಪುತ್ತೇನೆ. ಮೊದಲ ವಾರ ಅವರು, “ಏನರ ಬೇಕಾಗಿತ್ತೇನ್ರಿ ಸರ?” ಎಂದು ಅನುಮಾನದಿಂದ ಎದ್ದು ನಿಲ್ಲುತ್ತಿದ್ದರು. ಆಮೇಲೆ ತಲೆಯಾಡಿಸಲು ಕಲಿತರು. ನಗು ಎಷ್ಟರಮಟ್ಟಿಗೆ ಜಮೆಯಾಗಿದೆಯೋ ತಿಳಿಯುವ ಉಪಾಯವಿರಲಿಲ್ಲ.

ಮೊನ್ನೆ ಶಿವಮೊಗ್ಗಕ್ಕೆ ಮದುವೆಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದೆವು. ಗೇಟಿನಲ್ಲೇ ಅವರು ಕುರ್ಚಿಯಿಂದ ಎದ್ದು ಬಂದರು. “ಎಲ್ಲಿ ಹೋಗಿದ್ರಿ ಸರ? ನಾಲ್ಕ ದಿನ ಆತು, ಕಾಣಲೇ ಇಲ್ಲ!”

ನನಗೆ ಕಣ್ಣು ತುಂಬಿ ಬರುವುದೊಂದು ಬಾಕಿ. ಹೆಂಡತಿಯ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದೆ.

“ನಿಮ್ದೊಂದು ಪಾರ್ಸಲ್ ಬಂದ ಕುಂತೈತ್ರಿ. ನನಗ ಕಾಲ ಚಾಚಾಕ ಜಾಗ ಇಲ್ದಂಗ ಆಗೈತಿ.”

ಹೊತ್ತು ಲಿಫ್ಟಿಗೆ ನಡೆದೆ. ಪಾರಿವಾಳದ ಬಲೆ. ಹೆಂಡತಿ ಹೊಸದು ತರಿಸಿದ್ದಳು.