ಹೀಟರ್ ಪ್ಲಗ್ಗಿನ ಅಪಮೃತ್ಯು: ಒಂದು ಮೀಮಾಂಸೆ

ಶಾಸ್ತ್ರಗ್ರಂಥ ಯಾವುದೇ ಇರಲಿ, ಮೊದಲ ಪುಟದಲ್ಲೇ ಅನುಬಂಧ ಚತುಷ್ಟಯ ಹೇಳಿ ಮುಗಿಸಬೇಕೆಂಬುದು ಹಿರಿಯರ ಕಟ್ಟಳೆ. ಅಧಿಕಾರಿ ಯಾರು, ವಿಷಯ ಯಾವುದು, ಪ್ರಯೋಜನವೇನು, ಇವುಗಳ ಸಂಬಂಧವೇನು. ಈ ಗ್ರಂಥಕ್ಕೆ ಅಧಿಕಾರಿಯೆಂದರೆ ಹಳೆಯ ಡೀಸೆಲ್ ಕಾರನ್ನು ಮಾರಲೂ ಆಗದೆ ಬಿಡಲೂ ಆಗದೆ ಇಟ್ಟುಕೊಂಡವನು; ಅದರಲ್ಲೂ ಬೆಳಗಿನ ಆರಕ್ಕೆ ಅದನ್ನು ಹೊರಡಿಸಲೇಬೇಕಾದವನು. ವಿಷಯ, ಹೀಟರ್ ಪ್ಲಗ್ ಎಂಬ ಬೆರಳುದ್ದದ ಕಡ್ಡಿ ಆಯಸ್ಸು ತೀರುವ ಮೊದಲೇ ಸಾಯುವುದು. ಪ್ರಯೋಜನ, ಹೊಸ ಪ್ಲಗ್ಗಿನ ದುಡ್ಡು ಉಳಿಯುವುದು. ಸಂಬಂಧವನ್ನು ಮೇಸ್ತ್ರಿ ಬಿಲ್ ಬರೆಯುವಾಗ ತಾನೇ ತಿಳಿಸುತ್ತಾನೆ.

ಇನ್ನು ಕ್ಷೇತ್ರ ನಿರ್ಣಯ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ ದಾಟಿ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಕುಶಾಲನಗರ ಇನ್ನೇನು ಸಿಕ್ಕಿತು ಅನ್ನುವಾಗ ಬೈಲಕುಪ್ಪೆ ಸಿಗುತ್ತದೆ. 1961ರಲ್ಲಿ ಟಿಬೆಟಿನ ನಿರಾಶ್ರಿತರು ಇಲ್ಲಿ ಕಾಡು ಕಡಿದು ನೆಲೆ ನಿಂತರು. 1963ರಲ್ಲಿ ನಾಮ್‌ಡ್ರೋಲಿಂಗ್ ಮಠ ಶುರುವಾಯಿತು. 1419ರಲ್ಲಿ ಲಾಸಾದ ಪಕ್ಕದಲ್ಲಿ ಸ್ಥಾಪನೆಯಾಗಿದ್ದ ಸೆರಾ ಮಠ 1970ರಲ್ಲಿ ಮತ್ತೆ ಇಲ್ಲಿ ತಲೆಯೆತ್ತಿತು. ಲಾಸಾ ಇರುವುದು ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿ. ಬೈಲಕುಪ್ಪೆ ಅದರ ಕಾಲು ಭಾಗವೂ ಇಲ್ಲ. ಅಲ್ಲಿಂದ ಬಂದವರಿಗೆ ಇಲ್ಲಿನ ಡಿಸೆಂಬರ್ ಚಳಿಯೆಂದರೆ ಚಳಿಯೇ ಅಲ್ಲ. ಹದಿನೈದು ಡಿಗ್ರಿಯ ಆಸುಪಾಸಿಗೆ ಇಳಿಯುವ ಆ ಮುಂಜಾವಿನಲ್ಲಿ ಊರಲ್ಲಿ ಮೊದಲು ಮಂಡಿಯೂರುವುದು ಟಾಟಾ ಸುಮೋ.

ಇದಕ್ಕೆ ಸುಮೋ ಒಂದನ್ನೇ ದೂರುವಂತಿಲ್ಲ. ದೋಷ ವಂಶದಲ್ಲೇ ಇದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನ ತತ್ವವೇ ಕಿಡಿಯ ಹಂಗಿಲ್ಲದೆ ಉರಿಯುವುದು: ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ, ಕಾದ ಗಾಳಿಗೆ ಎಣ್ಣೆ ಚಿಮ್ಮಿಸಿದರೆ ಹೊತ್ತಿಕೊಳ್ಳುತ್ತದೆ. ಬೆಂಜ್ ಕಂಪನಿಯ ಪ್ರಾಸ್ಪರ್ ಲೊರಾಂಜ್ 1909ರಲ್ಲಿ ಇದಕ್ಕೊಂದು ಪುಟ್ಟ ಮುಂಗೋಣೆ ಕಟ್ಟಿ ಪೇಟೆಂಟ್ ಪಡೆದ. ಎಣ್ಣೆ ಮೊದಲು ಆ ಕೋಣೆಯಲ್ಲಿ ಹೊತ್ತಿ, ಆಮೇಲೆ ಸಿಲಿಂಡರಿಗೆ ನುಗ್ಗುತ್ತದೆ. ಶಬ್ದ ಕಡಿಮೆ, ಸಣ್ಣ ಕಾರಿಗೂ ಒಗ್ಗುತ್ತದೆ. ಆದರೆ ಕೋಣೆ ಹೆಚ್ಚಿದರೆ ಗೋಡೆಯೂ ಹೆಚ್ಚು. ತಣ್ಣಗಿರುವ ಗೋಡೆ ಗಾಳಿಯ ಕಾವನ್ನೆಲ್ಲ ಹೀರಿಬಿಡುತ್ತದೆ. ಆದ್ದರಿಂದ ಬೆಳಗಿನ ಮೊದಲ ಉರಿಗೆ ಒಳಗೊಂದು ಕೆಂಪಗೆ ಕಾದ ಕಡ್ಡಿ ಬೇಕಾಯಿತು. ಡೀಸೆಲ್ ಅಂಬಾಸಡರ್‌ನ 1,489 ಸಿಸಿ ಎಂಜಿನ್, 1994ರಲ್ಲಿ ಬಂದ ಸುಮೋದ 1,948 ಸಿಸಿ, 1998ರ ಇಂಡಿಕಾದ 1,405 ಸಿಸಿ, ಪೆಜೋ ಎಂಜಿನ್ ಹೊತ್ತ ಮಾರುತಿ ಜೆನ್ ಡೀಸೆಲ್, ಎಲ್ಲವೂ ಈ ಒಂದೇ ಗೋತ್ರದವು. ನಾಲ್ಕು ಸಿಲಿಂಡರ್, ನಾಲ್ಕು ಪ್ಲಗ್. ಒಂದೊಂದೂ ಹತ್ತು ಹದಿನೈದು ಆಂಪಿಯರ್ ಕರೆಂಟ್ ಕುಡಿದು, ತುದಿಯಲ್ಲಿ 800 ಡಿಗ್ರಿ ದಾಟಿ ಕಾಯುತ್ತದೆ. ಇಷ್ಟು ಕೆಲಸ ಮಾಡಿಯೂ ಸರಿಯಾಗಿ ನಡೆದರೆ ಲಕ್ಷ ಕಿಲೋಮೀಟರಿನ ಆಸುಪಾಸು ಬಾಳಬೇಕಾದ ಜೀವ ಅದು. ವರ್ಷಕ್ಕೊಂದು ಸೆಟ್ ಬದಲಾಯಿಸಬೇಕಾದರೆ ಅದನ್ನು ಸಹಜ ಸಾವೆಂದು ಯಾವ ಶಾಸ್ತ್ರವೂ ಒಪ್ಪದು.

ಈಗ ಪ್ರಮಾಣ ವಿಚಾರ. ತರ್ಕ ಕಲಿಯುವ ಹುಡುಗನಿಗೆ ಮೊದಲ ದಿನವೇ ಹೇಳಿಕೊಡುವ ಉದಾಹರಣೆ ಬೆಟ್ಟದ ಹೊಗೆಯದು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ. ಅಡಿಗೆಮನೆಯಲ್ಲಿ ಹಾಗೆ ಕಂಡಿದ್ದೇವೆ, ಕೆರೆಯಲ್ಲಿ ಕಂಡಿಲ್ಲ. ನೈಯಾಯಿಕರೂ ಬೌದ್ಧರೂ ಶತಮಾನಗಟ್ಟಲೆ ಜಗಳವಾಡಿದರೂ ಈ ಹೊಗೆಯ ಮಟ್ಟಿಗೆ ಇಬ್ಬರದೂ ಒಂದೇ ಮಾತು. ಇಬ್ಬರೂ ಹಳೆಯ ಸುಮೋದ ಸೈಲೆನ್ಸರ್ ನೋಡಿದವರಲ್ಲ. ಬೆಳಗಿನ ಹೊತ್ತು ಅದರಿಂದ ದಟ್ಟವಾಗಿ ಹೊರಡುವ ಬಿಳಿ ಹೊಗೆ ಒಳಗೆ ಬೆಂಕಿ ಇಲ್ಲ ಎನ್ನುವುದಕ್ಕೆ ಸಾಕ್ಷಿ. ಅದು ಉರಿಯದೆ ಆವಿಯಾಗಿ ಹೊರಬಿದ್ದ ಡೀಸೆಲ್. ಎದುರು ನಿಂತರೆ ಕಣ್ಣು ಉರಿಯುತ್ತದೆ. ನಾಲ್ಕರಲ್ಲಿ ಒಂದು ಪ್ಲಗ್ ಸತ್ತಿದ್ದರೆ ಎಂಜಿನ್ ಹೇಗೋ ಹೊತ್ತಿಕೊಂಡು ಮೂರು ಕಾಲಿನಲ್ಲಿ ಕುಂಟುತ್ತದೆ, ಬಾನೆಟ್ ನಡುಗುತ್ತದೆ, ಒಂದೆರಡು ನಿಮಿಷದಲ್ಲಿ ಕಾವೇರಿ ನಾಲ್ಕನೆಯದೂ ಸೇರಿಕೊಳ್ಳುತ್ತದೆ. ಹೊಗೆ ನಿಲ್ಲುತ್ತದೆ. ಎರಡು ಮೂರು ಸತ್ತಿದ್ದರೆ ಮಾತ್ರ ಗುಡ್ಡದ ಇಳಿಜಾರು ಹುಡುಕಬೇಕು.

ಸೆರಾದ ಅಂಗಳದಲ್ಲಿ ಲಾಮಾಗಳು ವಾದ ಮಾಡುವುದನ್ನು ಪ್ರವಾಸಿಗರು ನಿಂತು ನೋಡುತ್ತಾರೆ. ಪ್ರಶ್ನೆ ಕೇಳುವವನು ನಿಂತಿರುತ್ತಾನೆ, ಉತ್ತರಿಸುವವನು ನೆಲದ ಮೇಲೆ ಕೂತಿರುತ್ತಾನೆ. ನಿಂತವನು ಹೇತು ಹೇಳಿ, ಕಾಲು ಅಪ್ಪಳಿಸಿ, ಫಟ್ಟೆಂದು ಕೈತಟ್ಟುತ್ತಾನೆ. ಕೂತವನಿಗೆ ಉದ್ದುದ್ದ ಭಾಷಣಕ್ಕೆ ಅವಕಾಶವಿಲ್ಲ. ‘ಒಪ್ಪಿದೆ’, ‘ಏಕೆ?’, ‘ಹೇತು ಸಿದ್ಧವಾಗಿಲ್ಲ’, ‘ವ್ಯಾಪ್ತಿ ಇಲ್ಲ’ ಎಂಬ ನಾಲ್ಕು ಉತ್ತರಗಳಲ್ಲೇ ಅವನು ಎದುರಾಳಿಯನ್ನು ತಡೆಯಬೇಕು. ಅಲ್ಲಿಂದ ಹೆದ್ದಾರಿಗೆ ಬಂದು ಯಾವುದಾದರೂ ಗ್ಯಾರೇಜಿನ ಮುಂದೆ ನಿಂತರೆ ಅಲ್ಲೂ ಇದೇ ಏರ್ಪಾಡು. ಕಾರಿನವನು ನಿಂತಿರುತ್ತಾನೆ. ಮೇಸ್ತ್ರಿ ಕಾರಿನ ಕೆಳಗೆ ಮಲಗಿರದಿದ್ದರೆ ಕೂತಿರುತ್ತಾನೆ.

“ಹೀಟ್ರು ಹೋಗ್ಬುಟ್ಟದೆ ಸಾ. ನಾಕೂ ಹೊಸ್ದು ಹಾಕ್ಬುಡನ.”

“ಹೆಂಗ್ ಗೊತ್ತಾಯ್ತು?”

“ಬೆಳಗ್ಗೆ ಹೊತ್ತು ಸ್ಟಾರ್ಟ್ ಆಯ್ತಿಲ್ವಲ್ಲ ಸಾ!”

ಒಂದೇ ವ್ಯತ್ಯಾಸವೆಂದರೆ ಇಲ್ಲಿ ಹೇತು ಕೊಡುವವನೂ ಕೂತವನೇ, ಅದನ್ನು ಒಪ್ಪುವವನೂ ಅವನೇ, ಬಿಲ್ ಬರೆಯುವವನೂ ಅವನೇ. ಸೆರಾದಲ್ಲಾಗಿದ್ದರೆ ಈ ವಾದ ‘ವ್ಯಾಪ್ತಿ ಇಲ್ಲ’ ಎಂಬಲ್ಲಿಗೆ ಬಿದ್ದುಹೋಗುತ್ತಿತ್ತು. ಬೆಳಿಗ್ಗೆ ಸ್ಟಾರ್ಟ್ ಆಗದ ಎಲ್ಲ ಕಾರಿನಲ್ಲೂ ಹೀಟರ್ ಹೋಗಿರಬೇಕೆಂದಿಲ್ಲ. ಬ್ಯಾಟರಿ ಸೋತು ಎಂಜಿನ್ ನಿಧಾನವಾಗಿ ತಿರುಗುತ್ತಿರಬಹುದು. ಡೀಸೆಲ್ ಪೈಪಿನ ಜಾಯಿಂಟಿನಲ್ಲಿ ರಾತ್ರಿಯಿಡೀ ಗಾಳಿ ಎಳೆದಿರಬಹುದು. ಫಿಲ್ಟರಿನಲ್ಲಿ ನೀರು ನಿಂತಿರಬಹುದು. ಪಿಸ್ಟನ್ ರಿಂಗು ಸವೆದು ಕಂಪ್ರೆಷನ್ ಇಳಿದಿರಬಹುದು. ಇನ್ನೂ ಒಂದು: ಪ್ಲಗ್ಗು ನಾಲ್ಕೂ ಚೆನ್ನಾಗಿದ್ದು, ಅವಕ್ಕೆ ಕರೆಂಟ್ ಕೊಡುವ ರಿಲೇ ಅಥವಾ ಫ್ಯೂಸ್ ಮಾತ್ರ ಹೋಗಿರಬಹುದು. ಹಾಗಾದಾಗ ನಾಲ್ಕು ನಿರಪರಾಧಿಗಳು ಗುಜರಿ ಡಬ್ಬಕ್ಕೆ ಬೀಳುತ್ತಾರೆ, ಹೊಸ ನಾಲ್ವರು ಬಂದು ಅದೇ ಜಾಗದಲ್ಲಿ ತಣ್ಣಗೆ ಕೂರುತ್ತಾರೆ.

ಈ ರೋಗಕ್ಕೆ ಮುಹೂರ್ತ ಬೇರೆ ಉಂಟು. ಬೆಳಗಿನ ಆರಕ್ಕೆ ಉಲ್ಬಣ, ಎಂಟಕ್ಕೆ ಇಳಿಮುಖ, ಗ್ಯಾರೇಜಿನ ಬಾಗಿಲು ತೆಗೆಯುವ ಹತ್ತಕ್ಕೆ ಪೂರ್ಣ ಗುಣ. ತಳ್ಳಿ ಸ್ಟಾರ್ಟ್ ಮಾಡಿ ಪಿರಿಯಾಪಟ್ಟಣದವರೆಗೆ ಓಡಿಸಿಕೊಂಡು ಹೋದ ಎಂಜಿನ್ ಮೇಸ್ತ್ರಿಯ ಮುಂದೆ ಅರ್ಧ ಸೆಲ್ಫಿಗೇ ಗುರ್ ಎನ್ನುತ್ತದೆ. ಕಾರಿನವನು ಸುಳ್ಳುಗಾರನಾಗುತ್ತಾನೆ. ಆದ್ದರಿಂದ ಮೊದಲ ಸೂತ್ರ: ಹಿಂದಿನ ಸಂಜೆಯೇ ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಕು. ರೋಗಿ ರಾತ್ರಿಯಿಡೀ ಆರಬೇಕು.

ಎರಡನೆಯ ಸೂತ್ರ ಪರೀಕ್ಷೆಯದು. ನಾಲ್ಕೂ ಪ್ಲಗ್ಗಿನ ತಲೆಗೆ ಕರೆಂಟ್ ಹಂಚುವ ಲೋಹದ ಪಟ್ಟಿಯನ್ನು ಮೊದಲು ಕಳಚಬೇಕು. ಅದನ್ನು ಕಳಚದೆ ಮೀಟರ್ ಇಟ್ಟರೆ ನಾಲ್ಕೂ ಒಟ್ಟಿಗೆ ಉತ್ತರ ಕೊಡುತ್ತವೆ, ಸತ್ತದ್ದರ ಪರವಾಗಿ ಬದುಕಿದ್ದು ಹಾಜರಿ ಹೇಳುತ್ತದೆ. ಕಳಚಿದ ಮೇಲೆ ಒಂದೊಂದನ್ನೇ ನೋಡಿದರೆ ಜೀವವಿರುವ ಪ್ಲಗ್ ಒಂದೆರಡು ಓಮ್‌ನ ಒಳಗೆ ತೋರಿಸುತ್ತದೆ. ಸತ್ತದ್ದು ಏನನ್ನೂ ತೋರಿಸುವುದಿಲ್ಲ. ಮೀಟರ್ ಇಲ್ಲದವರಿಗೆ 12 ವೋಲ್ಟಿನ ಟೆಸ್ಟ್ ಲ್ಯಾಂಪ್ ಸಾಕು: ಒಂದು ತುದಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಪ್ಲಗ್ಗಿನ ತಲೆಗೆ. ಬಲ್ಬು ಹತ್ತಿದರೆ ಒಳಗಿನ ತಂತಿ ತುಂಡಾಗಿಲ್ಲ.

ಸತ್ತದ್ದು ಯಾವುದೆಂದು ತಿಳಿಯಿತು. ಕೊಂದವರು ಯಾರು? ಈ ಶಾಸ್ತ್ರದ ಸಿದ್ಧಾಂತ ಇರುವುದೇ ಇಲ್ಲಿ: ಚಿಕ್ಕ ವಯಸ್ಸಿನ ಪ್ಲಗ್ ತಾನಾಗಿ ಸಾಯುವುದು ಅಪರೂಪ, ಯಾರೋ ಸಾಯಿಸಿರುತ್ತಾರೆ. ಗುರುತು ಶವದ ಮೇಲೇ ಇರುತ್ತದೆ. ಬಿಚ್ಚಿದ ನಾಲ್ಕು ಪ್ಲಗ್ಗನ್ನು ಹಳೆ ಪೇಪರಿನ ಮೇಲೆ ಸಾಲಾಗಿ ಇಟ್ಟು ನೋಡಬೇಕು. ತುದಿ ಕರಗಿ ಮೊಂಡಾಗಿದ್ದರೆ, ಅಥವಾ ತುದಿಯೇ ನಾಪತ್ತೆಯಾಗಿದ್ದರೆ, ಅಪರಾಧಿ ಪಕ್ಕದ ಇಂಜೆಕ್ಟರ್. ಅದು ಎಣ್ಣೆಯನ್ನು ಮಂಜಿನಂತೆ ಸಿಂಪಡಿಸುವ ಬದಲು ತೊಟ್ಟಿಕ್ಕಿಸುತ್ತಿದೆ, ಇಲ್ಲವೇ ಪಂಪಿನ ಟೈಮಿಂಗ್ ಮುಂದಕ್ಕೆ ಹೋಗಿ ಉರಿ ಹೊತ್ತಲ್ಲದ ಹೊತ್ತಿಗೆ ಬೀಳುತ್ತಿದೆ. ಕಡ್ಡಿ ನಡುವೆ ಊದಿಕೊಂಡಿದ್ದರೆ ಅತಿ ವೋಲ್ಟೇಜು, ಅಥವಾ ಅತಿ ಹೊತ್ತು. ತಲೆಯ ಟರ್ಮಿನಲ್ ಲಟಪಟ ಎಂದು ತಿರುಗುತ್ತಿದ್ದರೆ ಅದು ಪಾನಾ ಹಿಡಿದ ಕೈಯ ಪಾಪ; ನಟ್ಟನ್ನು ಯಾರೋ ಎತ್ತಿನ ಬಲದಲ್ಲಿ ಬಿಗಿದಿದ್ದಾರೆ.

ಊದಿಕೊಂಡ ಶವದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇದರ ಮುಖ್ಯ ಆರೋಪಿ ರಿಲೇ. ಅದರ ಪಾಯಿಂಟ್‌ಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡರೆ ಬೀಗದ ಕೈ ತಿರುಗಿಸಿದಾಗ ಶುರುವಾದ ಕರೆಂಟು ಮಡಿಕೇರಿ ಮುಟ್ಟಿದರೂ ನಿಲ್ಲುವುದಿಲ್ಲ. ಡ್ಯಾಶ್‌ಬೋರ್ಡಿನ ಸುರುಳಿ ದೀಪ ಆರಿರುವುದರಿಂದ ಡ್ರೈವರ್ ನಿಶ್ಚಿಂತ. ಈ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಹಾಕಿ, ಕಾವು ನೋಡದೆ ಮಲಗಿದವನ ಎಲೆಗೆ ಏನಾಗುತ್ತದೋ ಅದೇ ಪ್ಲಗ್ಗಿಗೂ ಆಗುತ್ತದೆ. ಪತ್ತೆ ಮಾಡುವುದು ಸುಲಭ. ಎಂಜಿನ್ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಪ್ಲಗ್ಗಿನ ತಲೆಗೆ ಮೀಟರ್ ಇಡಿ. ಕೆಲವು ಕಾರುಗಳಲ್ಲಿ ಸ್ಟಾರ್ಟ್ ಆದ ಮೇಲೂ ಎರಡು ಮೂರು ನಿಮಿಷ ಹೀಟರ್ ಉಳಿಯುವುದುಂಟು, ಅದಕ್ಕೇ ಈ ಐದು ನಿಮಿಷ. ಆಮೇಲೂ ವೋಲ್ಟೇಜ್ ಕಂಡರೆ ಕೊಲೆಗಾರ ಕೈಗೆ ಸಿಕ್ಕ ಹಾಗೆಯೇ. ಅದೇ ಮೀಟರನ್ನು ಬ್ಯಾಟರಿಗೆ ಇಟ್ಟು ಚಾರ್ಜಿಂಗ್ ನೋಡಬಹುದು: 13.8ರಿಂದ 14.5 ವೋಲ್ಟ್ ಇದ್ದರೆ ಸರಿ, ಹದಿನೈದು ದಾಟಿದರೆ ಆಲ್ಟರ್ನೇಟರಿನ ರೆಗ್ಯುಲೇಟರ್ ಕೂಡ ಆರೋಪಿ.

ಇನ್ನೊಬ್ಬ ಆರೋಪಿ ಪರೋಪಕಾರಿ. ಬ್ಯಾಟರಿ ಡೌನಾದ ಕಾರಿಗೆ ರಸ್ತೆ ಬದಿಯ ಶುಂಠಿ ಲಾರಿಯಿಂದ ಕೇಬಲ್ ಎಳೆದು ಪ್ರಾಣ ಕೊಡುವ ಪುಣ್ಯಾತ್ಮನನ್ನು ಎಲ್ಲರೂ ಕಂಡಿದ್ದಾರೆ. ಲಾರಿಯಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್; ಕಾರಿನದು 12. ವೋಲ್ಟೇಜ್ ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ ಎಂಬುದು ಭೌತಶಾಸ್ತ್ರ. ಎಂಜಿನ್ನು ಆ ಬೆಳಿಗ್ಗೆ ಭರ್ಜರಿಯಾಗಿ ಸ್ಟಾರ್ಟ್ ಆಗುತ್ತದೆ. ಮರುದಿನ ಆಗುವುದಿಲ್ಲ.

ಅಂಗಡಿಯಲ್ಲೂ ಒಂದು ಬಲೆಯಿದೆ. ಥ್ರೆಡ್ ಒಂದೇ, ಉದ್ದ ಒಂದೇ, ಆದರೆ ಒಂದು 11 ವೋಲ್ಟಿನ ಪ್ಲಗ್, ಇನ್ನೊಂದು ಬೇಗ ಕಾಯುವ ಐದಾರು ವೋಲ್ಟಿನದು. ಎರಡೂ ಅಂದವಾಗಿ ಕೂರುತ್ತವೆ. ಕಡಿಮೆ ವೋಲ್ಟಿನದನ್ನು ಹಳೆಯ ಕಾರಿಗೆ ಹಾಕಿದರೆ ಕೆಲವು ಸೆಕೆಂಡಿಗೇ ಅದರ ಅವತಾರ ಸಮಾಪ್ತಿ. ಮೈಮೇಲೆ ಕೆತ್ತಿರುವ ಅಂಕಿಯನ್ನು ಓದಿ ಕೊಂಡರೆ ಮುಗಿಯಿತು, ಆದರೆ ಓದುವವರು ಕಡಿಮೆ.

ಮತಭೇದವಿಲ್ಲದೆ ಮೀಮಾಂಸೆ ಪೂರ್ಣವಾಗದು. ಸತ್ತದ್ದನ್ನು ಮಾತ್ರ ಬದಲಾಯಿಸಬೇಕೆಂಬುದು ಏಕಪ್ಲಗ್ ವಾದ; ಇದರ ಅನುಯಾಯಿಗಳೆಲ್ಲ ಕಾರಿನವರು. ನಾಲ್ಕನ್ನೂ ಬದಲಾಯಿಸಬೇಕೆಂಬುದು ಚತುಷ್ಪ್ಲಗ್ ವಾದ. ಇದರ ಆಚಾರ್ಯರೆಲ್ಲ ಬಿಡಿಭಾಗ ಮಾರುವವರು. ವಿಚಿತ್ರವೆಂದರೆ ಲಕ್ಷ ಕಿಲೋಮೀಟರ್ ಓಡಿದ ಸೆಟ್ಟಿನ ವಿಷಯದಲ್ಲಿ ಎರಡನೆಯವರದೇ ಸರಿ: ನಾಲ್ಕೂ ಒಂದೇ ವಯಸ್ಸಿನವು, ಒಂದರ ಹಿಂದೆ ಇನ್ನೊಂದು ಹೊರಡುತ್ತದೆ. ಆರು ತಿಂಗಳಿಗೆ ಒಂದೇ ಸತ್ತರೆ ಮಾತ್ರ ನಾಲ್ಕು ಹಾಕಿಸುವುದು ದಂಡ. ಇವೆರಡೂ ಬೇಡವೆಂಬ ಮೂರನೆಯ ಪಂಥವೂ ಇದೆ. ಅವರು ಏರ್ ಫಿಲ್ಟರ್ ಬಿಚ್ಚಿ ಈಥರ್ ಸ್ಪ್ರೇ ಹೊಡೆಯುತ್ತಾರೆ. ಒಳಗೆ ಒಂದೇ ಒಂದು ಪ್ಲಗ್ ಕೆಂಪಗೆ ಕಾದಿದ್ದರೂ ಈಥರ್ ಹೊತ್ತಲ್ಲದ ಹೊತ್ತಿಗೆ ಸಿಡಿದು ಪಿಸ್ಟನ್ನನ್ನೇ ಒಡೆಯಬಲ್ಲದು. ಈ ಪಂಥದೊಡನೆ ವಾದಕ್ಕಿಳಿಯದೆ ದೂರ ನಿಲ್ಲುವುದು ಕ್ಷೇಮ.

ಬಿಚ್ಚುವ ಕೆಲಸಕ್ಕೆ ಆತುರ ಸಲ್ಲದು. ಹಿಂದಿನ ದಿನವೇ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಎಂಜಿನ್ ಬೆಚ್ಚಗಿರುವಾಗ ತಿರುಗಿಸಬೇಕು; ಬಿಗಿಯಾದರೆ ಹಿಂದೆ ಮುಂದೆ ಆಡಿಸಬೇಕು. ಹಠ ಮಾಡಿ ಕತ್ತು ಮುರಿದರೆ ಹೆಡ್ ಇಳಿಸುವ ಖರ್ಚಿನ ಮುಂದೆ ನಾಲ್ಕು ಪ್ಲಗ್ಗಿನ ದುಡ್ಡು ಕಡಲೆಪುರಿ. ಹೊಸದನ್ನು ಕೂರಿಸುವ ಮೊದಲು ರಂಧ್ರದ ಮಸಿ ತೆಗೆದು, ಗೇಣುದ್ದದ ಪಾನಾದ ತುದಿಗೆ ಎಂಟು ಕೆಜಿ ತೂಗುಬಿಟ್ಟಷ್ಟು ಬಿಗಿದರೆ ಸಾಕು.

ಓದುಗರಲ್ಲಿ ಒಂದೇ ವಿನಂತಿ. ಬಿಚ್ಚಿದ ಹಳೆಯ ಪ್ಲಗ್ಗುಗಳ ಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ಸಿಲಿಂಡರಿನ ನಂಬರ್ ಬರೆದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟುಕೊಳ್ಳಿ. ಮುಂದಿನ ಸಲವೂ ಅದೇ ನಂಬರಿನದು ಹೋದರೆ ಪ್ಲಗ್ ಅಂಗಡಿಗೆ ಹೋಗಬೇಡಿ. ಆ ಸಿಲಿಂಡರಿನ ಇಂಜೆಕ್ಟರ್ ಬಿಚ್ಚಿಸಿ ಡೀಸೆಲ್ ಪಂಪ್ ರಿಪೇರಿಯವರ ಹತ್ತಿರ ಟೆಸ್ಟಿಗೆ ಕೊಡಿ.